ಗಂಡನ ಪಿಎಚ್.ಡಿ.ಗೆ ಜೊತೆಯಾಗಿ ಅಮೆರಿಕಕ್ಕೆ ಹೋಗುವುದೋ, ಇಲ್ಲೇ ಉಳಿಯುವುದೋ?

ಪ್ರಶ್ನೆ: ನಾನು ಕಲಬುರಗಿಯವಳು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡಿ, ಬಿ.ಎಡ್. ಮುಗಿಸಿ, ಜೇವರ್ಗಿ ರಸ್ತೆಯ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತೇನೆ. ಮದುವೆಯಾಗಿ ಒಂದು ವರ್ಷ. ನಮ್ಮ ಮನೆಯವರಿಗೆ ಅಮೆರಿಕದ ಕನ್ಸಾಸ್ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡುತ್ತಾರೆ. ನಾನೂ ಹೋಗಬಹುದಂತೆ, ಆದರೆ ಅಲ್ಲಿ ಕೆಲಸ ಮಾಡಲು ಬಿಡುವುದಿಲ್ಲವಂತೆ. ನಮ್ಮ ಅತ್ತಿ ‘ಅವನ ಓದು ಮುಗಿಯೋತನಕ ಇಲ್ಲೇ ಇರು’ ಅಂತಾರೆ, ನಮ್ಮವ್ವ ‘ಗಂಡನ ಜೋಡಿ ಹೋಗು’ ಅಂತಾಳೆ. ಶಿಕ್ಷಕರ ನೇಮಕಾತಿ ಪರೀಕ್ಷೆಗೂ ಓದುತ್ತಿದ್ದೇನೆ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟಿದ್ದೇನೆ. ಹತ್ತನೆಯ ತರಗತಿ ತನಕ ಕನ್ನಡ ಮಾಧ್ಯಮ; ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಲು ಹೋದರೆ ನಾಲಿಗೆ ಹೊರಳುವುದಿಲ್ಲ. ಅಲ್ಲಿ ಮನೆಯಲ್ಲೇ ಕೂತು ಇಲ್ಲಿನ ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಹೇಳಿದರೆ ನಡೆಯುತ್ತದೆಯೇ? ಇಡೀ ದಿನ ಒಬ್ಬಳೇ ಏನು ಮಾಡಲಿ? ನನ್ನ ಹೆಸರು ಹಾಕಬೇಡಿ.

ಉತ್ತರ:

ತಂಗಿ, ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹೋಗ್ರಿ. ಆದರೆ ಈ ಆಗಸ್ಟ್‌ನಲ್ಲಿ ಬೇಡ. ಸಾಧ್ಯವಾದರೆ ಗಂಡನ ಬೆನ್ನಿಗೆ ಅಂಟಿದ ಎಫ್-2 ವೀಸಾದ ಮೇಲೂ ಬೇಡ. ನಿಮ್ಮದೇ ಸೀಟು, ನಿಮ್ಮದೇ ವೀಸಾ ಮಾಡಿಕೊಂಡು ಹೋಗುವ ದಾರಿ ನಿಮಗಿದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಆ ದಾರಿ ನೀವು ಅಂದುಕೊಂಡಷ್ಟು ಇಕ್ಕಟ್ಟಾಗಿಲ್ಲ. ಅದು ಕೈಗೂಡದಿದ್ದರೆ ಎಫ್-2 ಇದ್ದೇ ಇದೆ, ಅದನ್ನು ಎರಡನೆಯ ದಾರಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಅತ್ತಿಯವರದೂ ಅವ್ವನದೂ ಎರಡೂ ಮಾತು ಅರ್ಧರ್ಧ ಸರಿ.

ಮೊದಲು ನಿಮ್ಮ ಯಜಮಾನರ ಕಾಗದ ತೆಗೆದು ನೋಡ್ರಿ. ವಿಶ್ವವಿದ್ಯಾಲಯ ಕಳಿಸಿದ್ದು ಐ-20 ಎಂಬ ಪತ್ರವೋ, ಡಿಎಸ್-2019 ಎಂಬುದೋ? ಐ-20 ಆದರೆ ಅವರು ಎಫ್-1 (ವಿದ್ಯಾರ್ಥಿ ವೀಸಾ), ನೀವು ಎಫ್-2. ಡಿಎಸ್-2019 ಆದರೆ ಅವರು ಜೆ-1 (ವಿನಿಮಯ ಕಾರ್ಯಕ್ರಮದ ವೀಸಾ), ನೀವು ಜೆ-2. ಜೆ-2 ಹೆಂಡತಿ ಅಲ್ಲಿ ಇಳಿದ ಮೇಲೆ ಅರ್ಜಿ ಹಾಕಿ ಕೆಲಸದ ಪರವಾನಗಿ ಪಡೆಯಬಹುದು. ಗಳಿಸಿದ ದುಡ್ಡು ಗಂಡನನ್ನು ಸಾಕಲು ಅಲ್ಲ ಎಂಬ ಷರತ್ತು ಮಾತ್ರ ಇರುತ್ತದೆ. ಎಫ್-2 ಹೆಂಡತಿಗೆ ಅಂಥ ಅರ್ಜಿಯೇ ಇಲ್ಲ. ಪಿಎಚ್.ಡಿ.ಗೆ ಹೋಗುವ ಹೆಚ್ಚಿನವರದು ಐ-20. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹೋಗುವ ಕೆಲವರದು ಜೆ ಆಗಿರುತ್ತದೆ, ಮತ್ತು ಅಂಥವರಿಗೆ ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಬಂದಿರಬೇಕೆಂಬ ಕಟ್ಟಳೆಯೂ ಇರಬಹುದು. ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ಎಫ್ ಅಂತಲೇ ಕಾಣುತ್ತದೆ. ಹಾಗೆ ಇಟ್ಟುಕೊಂಡೇ ಮುಂದಿನದನ್ನು ಬರೆಯುತ್ತೇನೆ.

ಎಫ್-2ರಲ್ಲಿ ಏನು ಮಾಡಬಹುದು? ಗಂಡನ ಜೊತೆ ಇರಬಹುದು, ಊರಿಗೆ ಬಂದು ಹೋಗಬಹುದು, ಕಾರು ಓಡಿಸಬಹುದು, ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು. 2015ರ ಒಂದು ನಿಯಮದಿಂದ, ಮಾನ್ಯತೆ ಇರುವ ಕಾಲೇಜಿನಲ್ಲಿ ಅರೆಕಾಲಿಕವಾಗಿ ಓದಲೂಬಹುದು. ಪೂರ್ಣಾವಧಿ ಪದವಿಗೆ ಸೇರಬೇಕಾದರೆ ವೀಸಾ ಎಫ್-1ಕ್ಕೆ ಬದಲಾಗಬೇಕು. ಸಂಬಳದ ಕೆಲಸ ಒಂದು ತಾಸಿನದ್ದೂ ಇಲ್ಲ. ಅಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸೋಷಿಯಲ್ ಸೆಕ್ಯುರಿಟಿ ನಂಬರೂ ಸಿಗುವುದಿಲ್ಲ.

ಈಗ ವರ್ಷದ ಲೆಕ್ಕ ಹಾಕ್ರಿ. ಅಲ್ಲಿ ಪಿಎಚ್.ಡಿ. ಅಂದರೆ 5 ವರ್ಷ, ಕೆಲವರಿಗೆ 6. ಮುಗಿದ ಮೇಲೆ ಅವರು ಒಪಿಟಿ ಅಂತ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಓದಿದ ವಿಷಯದ ಅನುಭವಕ್ಕೆ ಸಿಗುವ ಅವಕಾಶದಲ್ಲಿ, ಕೆಲಸಕ್ಕೆ ಸೇರುತ್ತಾರೆ. ವಿಜ್ಞಾನ, ತಂತ್ರಜ್ಞಾನದವರಿಗೆ ಮೊದಲ 1 ವರ್ಷದ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಅಷ್ಟು ದಿನವೂ ನೀವು ಎಫ್-2, ಅಂದರೆ ಕೆಲಸವಿಲ್ಲ. ಮುಂದೆ ಅವರಿಗೆ ಎಚ್-1ಬಿ ಎಂಬ ಕೆಲಸದ ವೀಸಾ ಸಿಕ್ಕರೆ ನೀವು ಅದರ ಬೆನ್ನಿಗಿರುವ ಎಚ್-4 ಆಗುತ್ತೀರಿ. ಆಗಲೂ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆಯೇ ಕೆಲಸದ ಪರವಾನಗಿ. ಹೊರಡುವ ಗಡಿಬಿಡಿಯಲ್ಲಿ ಎಲ್ಲರೂ ‘ಒಂದೆರಡು ವರ್ಷ ಸುಧಾರಿಸಿಕೊಂಡರಾಯಿತು’ ಅಂದುಕೊಳ್ಳುತ್ತಾರೆ. ಲೆಕ್ಕ ಒಂದೆರಡು ವರ್ಷದ್ದಲ್ಲ, ಏಳೆಂಟು ವರ್ಷದ್ದು. ಪಾಠ ಹೇಳಿ ರೂಢಿಯಾದವರಿಗೆ ಅದು ಸಣ್ಣದಲ್ಲ.

ಆನ್‌ಲೈನ್ ಟ್ಯೂಷನ್ ಬಗ್ಗೆ ನೇರವಾಗಿ ಹೇಳುತ್ತೇನೆ: ಬೇಡ. ‘ಮಕ್ಕಳು ಕಲಬುರಗಿಯವರು, ದುಡ್ಡು ಬೀಳೋದು ಇಲ್ಲಿನ ಬ್ಯಾಂಕಿಗೆ, ಅಮೆರಿಕದವರಿಗೇನು?’ ಅಂತ ವಾದಿಸುವವರು ಬಹಳ ಮಂದಿ ಸಿಗುತ್ತಾರೆ. ದುಡ್ಡು ಎಲ್ಲಿ ಬಿತ್ತು ಅನ್ನುವುದಕ್ಕಿಂತ ನೀವು ಯಾವ ನೆಲದ ಮೇಲೆ ಕೂತು ದುಡಿದಿರಿ ಅನ್ನುವುದೇ ಅಲ್ಲಿ ಎದುರಾಗುವ ಪ್ರಶ್ನೆ. ವಕೀಲರಲ್ಲೂ ಇದರ ಬಗ್ಗೆ ಒಂದೇ ಮಾತಿಲ್ಲ. ಇಂಥ ವಿಷಯದಲ್ಲಿ ನಷ್ಟವಾದರೆ ಟ್ಯೂಷನ್ ಫೀಸಲ್ಲ, ವೀಸಾ. ಮಾಡಲೇಬೇಕೆಂದಿದ್ದರೆ ವಲಸೆ ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ, ವಾಟ್ಸ್ಆ್ಯಪ್ ಗುಂಪಿನಿಂದ ಬೇಡ. ಇದೇ ಮಾತು ಬೇರೆಯವರ ಕೂಸು ನೋಡಿಕೊಳ್ಳುವುದಕ್ಕೆ, ಬ್ಲೌಸ್ ಹೊಲಿಯುವುದಕ್ಕೆ, ಕನ್ನಡದ ಹುಡುಗರಿಗೆ ವಾರಕ್ಕೊಮ್ಮೆ ರೊಟ್ಟಿ ಬಡಿದು ಮಾರುವುದಕ್ಕೂ ಅನ್ವಯ. ಕೈಗೆ ನಗದು ಕೊಟ್ಟರೂ ಅದು ಕೆಲಸವೇ. ಸಂಬಳ ಕೊಟ್ಟು ಮಾಡಿಸುವಂಥದ್ದಲ್ಲದ ನಿಜವಾದ ಸೇವೆ, ಉದಾಹರಣೆಗೆ ಗ್ರಂಥಾಲಯದ ಸ್ವಯಂಸೇವೆ ಅಥವಾ ಕನ್ನಡ ಕೂಟದ ಮಕ್ಕಳಿಗೆ ಪುಕ್ಕಟೆ ಅಕ್ಷರ ಕಲಿಸುವುದು, ನಡೆಯುತ್ತದೆ.

ಈಗ ಮೊದಲ ದಾರಿಗೆ ಬರೋಣ. ಅಮೆರಿಕದಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ.ಗೆ ಸೇರಿದವರು ಸಾಮಾನ್ಯವಾಗಿ ಫೀಸು ಕಟ್ಟುವುದಿಲ್ಲ. ವಿಭಾಗವೇ ಫೀಸು ಮನ್ನಾ ಮಾಡಿ ತಿಂಗಳ ವೇತನ ಕೊಡುತ್ತದೆ. ಬದಲಿಗೆ ಕೆಳಗಿನ ತರಗತಿಯವರಿಗೆ ಪ್ರಯೋಗಾಲಯದಲ್ಲಿ ಪಾಠ ಹೇಳಬೇಕು. ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಅಂತಾರೆ. ನೀವು ಈಗ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದೇ ಕೆಲಸ! ಇಲ್ಲಿನ 3 ವರ್ಷದ ಬಿ.ಎಸ್ಸಿ. ಒಂದೇ ಇದ್ದರೆ ಕೆಲವು ಕಡೆ ತಕರಾರು ತೆಗೆಯುತ್ತಾರೆ, ಮೇಲೆ 2 ವರ್ಷದ ಎಂ.ಎಸ್ಸಿ. ಇರುವ ನಿಮಗೆ ಆ ತೊಡಕಿಲ್ಲ. ಜಿಆರ್‌ಇ ಪರೀಕ್ಷೆಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ. ಉಳಿದದ್ದು ಟೋಫೆಲ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ, ಮೂವರು ಅಧ್ಯಾಪಕರ ಶಿಫಾರಸು ಪತ್ರ, ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯವೇ ದೃಢೀಕರಿಸಿ ಕೊಡುವ ಅಂಕಗಳ ಪಟ್ಟಿ), ಮತ್ತು ಯಾಕೆ ಓದಬೇಕೆಂದಿದ್ದೀರಿ ಎಂಬ ಎರಡು ಪುಟ.

ಮುಂದಿನ ವರ್ಷದ ಆಗಸ್ಟ್‌ಗೆ ಸೇರಬೇಕಾದರೆ ಅರ್ಜಿ ಹಾಕುವ ಕಾಲ ಈ ಡಿಸೆಂಬರ್‌ನಿಂದ ಜನವರಿ ನಡುವೆ. ಧನಸಹಾಯ ಸಹಿತ ಸೀಟು ಕೊಟ್ಟರೆ ಒಪ್ಪಿಗೆ ತಿಳಿಸಲು ಹೆಚ್ಚಿನ ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ತನಕ ಸಮಯ ಕೊಡುತ್ತವೆ. ನಿಮ್ಮ ಯಜಮಾನರ ವಿಶ್ವವಿದ್ಯಾಲಯಕ್ಕೆ ಒಂದು ಅರ್ಜಿ ಖಂಡಿತ ಹಾಕ್ರಿ. ಅದರ ಜೊತೆ ಕಾರಿನಲ್ಲಿ ಹೋಗಿಬರುವಷ್ಟು ದೂರದ ಇನ್ನೆರಡು ಮೂರು ಕಡೆಗೂ ಹಾಕ್ರಿ. ಅವರು ಅಲ್ಲಿಗೆ ಹೋದ ಮೇಲೆ ಒಂದು ದಿನ ರಸಾಯನಶಾಸ್ತ್ರ ವಿಭಾಗಕ್ಕೆ ಕಾಲು ಹಾಕಿ, ಯಾವ ಪ್ರಾಧ್ಯಾಪಕರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ ಅಂತ ವಿಚಾರಿಸಲಿ. ಗಂಡ ಮೊದಲು ಹೋಗುವುದರ ನಿಜವಾದ ಉಪಯೋಗ ಇದು. ನಿಮ್ಮ ಹಳೆಯ ಅಧ್ಯಾಪಕರಿಗೆ ಈಗಲೇ ಹೇಳಿಡ್ರಿ. ಶಿಫಾರಸು ಪತ್ರವನ್ನು ಅವರು ತಮ್ಮ ಕಚೇರಿಯ ಇಮೇಲ್‌ನಿಂದ ನೇರವಾಗಿ ಅಲ್ಲಿಗೆ ಏರಿಸಬೇಕಾಗುತ್ತದೆ, ಲಕೋಟೆಯಲ್ಲಿ ಹಾಕಿ ನಿಮ್ಮ ಕೈಗೆ ಕೊಡುವ ಪದ್ಧತಿ ಈಗ ಅಪರೂಪ.

ಇಂಗ್ಲಿಷ್ ಮಾತಿನ ಅಂಜಿಕೆಯನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಪಾಠ ಹೇಳುವ ಜವಾಬ್ದಾರಿ ಇರುವುದರಿಂದ ಟೋಫೆಲ್‌ನ ಮಾತಿನ ಭಾಗಕ್ಕೆ ಅನೇಕ ಕಡೆ ಬೇರೆಯೇ ಕನಿಷ್ಠ ಅಂಕ ಇಟ್ಟಿರುತ್ತಾರೆ. ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ‘ಹೌ ಆರ್ ಯು’ ಸಾಲದು. ನಿಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ಪಾಠಗಳನ್ನೇ ದಿನಕ್ಕೊಂದರಂತೆ ಇಂಗ್ಲಿಷಿನಲ್ಲಿ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳ್ರಿ. ಆಮ್ಲ, ಕ್ಷಾರ, ಪರಮಾಣು, ಪ್ರತಿಕ್ರಿಯೆ. ವಿಷಯ ಬಾಯಿಪಾಠ ಇರುವಾಗ ನಾಲಿಗೆ ಬರೀ ಭಾಷೆಯ ಕಡೆಗೆ ಗಮನ ಕೊಡುತ್ತದೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಭಾಗದವರಿಗೆ ಹೆಚ್ಚಾಗಿ ಕಾಡುವುದು ವ್ಯಾಕರಣದ ತಪ್ಪಲ್ಲ, ‘ತಪ್ಪಾದರೆ ನಕ್ಕಾರು’ ಎಂಬ ಹೆದರಿಕೆ. ಅಲ್ಲಿನ ಪ್ರಯೋಗಾಲಯದಲ್ಲಿ ಚೀನಾ, ಇರಾನ್, ನೇಪಾಳ, ನೈಜೀರಿಯಾದವರು ತಂತಮ್ಮ ಧಾಟಿಯ ಇಂಗ್ಲಿಷಿನಲ್ಲೇ ಬದುಕುತ್ತಿರುತ್ತಾರೆ, ಒಬ್ಬರಿಗೊಬ್ಬರು ನಗಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಆಗಸ್ಟ್ ಯಾಕೆ ಬೇಡ ಅಂದೆ? ಮೊದಲ ಸೆಮಿಸ್ಟರ್‌ನಲ್ಲಿ ಅವರಿಗೆ ತರಗತಿ, ಪಾಠ ಹೇಳುವ ಕೆಲಸ, ಮಾರ್ಗದರ್ಶಕರ ಹುಡುಕಾಟ ಎಲ್ಲಾ ಒಮ್ಮೆಗೇ ಮೈಮೇಲೆ ಬರುತ್ತವೆ. ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವರನ್ನು ನೀವು ಬೆಳಿಗ್ಗೆಯಿಂದ ಕಾಯುತ್ತ ಕೂರುತ್ತೀರಿ. ಮನೆ, ಬಸ್ಸು, ಅಂಗಡಿ ಇನ್ನೂ ಅವರಿಗೇ ಗೊತ್ತಿರುವುದಿಲ್ಲ. ನವೆಂಬರ್ ಬಂದರೆ ಸಂಜೆ ಐದೂಕಾಲರ ಸುಮಾರಿಗೆ ಹೊತ್ತು ಮುಳುಗುತ್ತದೆ, ಜನವರಿಯ ರಾತ್ರಿಗಳು ಸೊನ್ನೆಗಿಂತ ಕೆಳಗೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೆಳೆದ ಮೈಗೆ ಮೊದಲ ವರ್ಷವೇ ಇದೆಲ್ಲಾ ಬೇಕಿಲ್ಲ. ಅಷ್ಟರಲ್ಲಿ ನೀವು ಇಲ್ಲಿ ಸಂಬಳ ತೆಗೆದುಕೊಳ್ಳುತ್ತ ಟೋಫೆಲ್ ಮುಗಿಸಿ ಅರ್ಜಿ ಹಾಕಿರುತ್ತೀರಿ. ಸೀಟು ಬಂದರೆ ಮುಂದಿನ ಬೇಸಿಗೆಯ ಕೊನೆಗೆ ನಿಮ್ಮದೇ ಎಫ್-1ರಲ್ಲಿ ಹೋಗುತ್ತೀರಿ, ಬರದಿದ್ದರೆ ಮೇ ತಿಂಗಳಲ್ಲಿ ಎಫ್-2ರಲ್ಲಿ. ಆಗ ಅವರ ತರಗತಿಗಳಿಗೆ ರಜೆ, ಹವೆಯೂ ಹಿತ. ಒಂದೇ ಮಾತು: ಮೇ ಅಲ್ಲಿ ಸುಂಟರಗಾಳಿಯ ಕಾಲ. ಸೈರನ್ ಕೂಗಿದರೆ ಕಟ್ಟಡದ ಯಾವ ಮೂಲೆಗೆ ಇಳಿಯಬೇಕು ಅಂತ ಮನೆ ಸೇರಿದ ದಿನವೇ ಕೇಳಿಕೊಳ್ಳಿ.

ನಿಮ್ಮ ಅತ್ತಿಯವರಿಗೂ ಇದನ್ನೇ ಹೇಳಬಹುದು. ‘ಓದು ಮುಗಿಯೋತನಕ’ ಅಂದರೆ ಐದಾರು ವರ್ಷ ಅಂತ ಅವರಿಗೆ ಬಹುಶಃ ಗೊತ್ತಿಲ್ಲ, ಬಿ.ಎಡ್. ಇದ್ದ ಹಾಗೆ ಎರಡು ವರ್ಷ ಅಂದುಕೊಂಡಿರಬಹುದು. ವರ್ಷ ಲೆಕ್ಕ ಹೇಳ್ರಿ, ವಾದ ಬೇಡ.

ನೇಮಕಾತಿ ಪರೀಕ್ಷೆಗೆ ಅಧಿಸೂಚನೆ ಬಂದರೆ ಬರೀರಿ, ಆದರೆ ಅದನ್ನೇ ನಂಬಿ ಉಳಿದದ್ದನ್ನು ನಿಲ್ಲಿಸಬೇಡಿ. ಆಯ್ಕೆಯಾಗಿಬಿಟ್ಟರೆ ಆಗ ನಿಜವಾದ ಕಷ್ಟದ ಆಯ್ಕೆ ಎದುರಿಗೆ ಬರುತ್ತದೆ: ಕಲ್ಯಾಣ ಕರ್ನಾಟಕದ ಸರ್ಕಾರಿ ನೌಕರಿ ಬಿಟ್ಟು ಹೋಗು ಅಂತ ನಾನಂತೂ ಸುಲಭವಾಗಿ ಹೇಳಲಾರೆ. ಆಗ ಇನ್ನೊಮ್ಮೆ ಬರೀರಿ.

ಎಫ್-2ರಲ್ಲೇ ಹೋಗಬೇಕಾಯಿತು ಅಂತ ಇಟ್ಟುಕೊಳ್ಳೋಣ. ಆಗ ನಾನು ಹಿಡಿಯುವ ಎಳೆ ಒಂದೇ: ವೀಸಾ ಅವರ ಆಸರೆಯದು, ಹಾಗಾಗಿ ಉಳಿದದ್ದರಲ್ಲಿ ಎಷ್ಟು ಸಾಧ್ಯವೋ ಅಷ್ಟೂ ನಿಮ್ಮ ಹೆಸರಿನಲ್ಲಿರಲಿ. ಅದು ಪಾಸ್‌ಪೋರ್ಟ್‌ನಿಂದಲೇ ಶುರು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಶಾಲೆಯ ದಾಖಲೆಯಲ್ಲಿ ಬರೀ ಹೆಸರಿರುತ್ತದೆ, ಅಡ್ಡಹೆಸರು ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರನ್ನು ಅಡ್ಡಹೆಸರಿನ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಮುದ್ರಿಸುತ್ತಾರೆ, ಅಂದರೆ ಹೆಸರು ಗೊತ್ತಿಲ್ಲ ಅಂತ. ಮುಂದೆ ಲೈಸೆನ್ಸು, ಬ್ಯಾಂಕು, ಆಸ್ಪತ್ರೆ ಎಲ್ಲೆಲ್ಲೂ ನೀವು ಫ್ನು! ದವಾಖಾನೆಯಲ್ಲಿ ‘ಫ್ನು’ ಅಂತ ಕೂಗಿದಾಗ ತಮ್ಮನ್ನೇ ಅಂತ ತಿಳಿಯದೆ ಕೂತೇ ಇದ್ದವರ ಕಥೆ ಕೇಳಿದ್ದೇನೆ. ನಿಮ್ಮದು ಹಾಗಿದ್ದರೆ ವೀಸಾಕ್ಕೆ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಗಂಡನ ಅಡ್ಡಹೆಸರನ್ನೇ ಹಾಕಬೇಕೆಂಬ ಕಾನೂನಿಲ್ಲ; ಅಂಕಪಟ್ಟಿಯಲ್ಲಿ ಇರುವ ಹೆಸರಿಗೆ ಹತ್ತಿರ ಇದ್ದಷ್ಟೂ ನಿಮ್ಮ ಪ್ರವೇಶದ ಅರ್ಜಿಗೆ ಒಳ್ಳೆಯದು.

ಮದುವೆ ನೋಂದಣಿ ಆಗಿದೆಯೇ? ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ, ಆಲ್ಬಮ್ ಯಾವುವೂ ನೋಂದಣಿಯ ಜಾಗ ತುಂಬವು. ಉಪ ನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರ ಬೇಕು. ಆಗದಿದ್ದರೆ ನಿಮ್ಮ ಯಜಮಾನರು ಹೊರಡುವ ಮುನ್ನ ಮಾಡಿಸಿ, ಆಮೇಲೆ ಅವರಿಲ್ಲದೆ ಒದ್ದಾಟ. ವಿಶ್ವವಿದ್ಯಾಲಯದಿಂದ ನಿಮ್ಮ ಹೆಸರಿನದೇ ಒಂದು ಐ-20 ಬರುತ್ತದೆ, ಅದಕ್ಕೆ ಹೆಂಡತಿಯ ಖರ್ಚಿಗೆ ಹೆಚ್ಚುವರಿ ಹಣ ಇದೆ ಎಂಬ ದಾಖಲೆ ಕೇಳುತ್ತಾರೆ. ಪಿಎಚ್.ಡಿ. ವೇತನವನ್ನು ಒಬ್ಬರ ಹೊಟ್ಟೆಗೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ ಎಂಬುದನ್ನು ಆಗಲೇ ಅರ್ಥಮಾಡಿಕೊಳ್ಳಬೇಕು. ವೀಸಾ ಅರ್ಜಿ ಶುಲ್ಕ 185 ಡಾಲರ್. ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಗೆ ಎಫ್-1ರವರು ಕಟ್ಟುವ 350 ಡಾಲರಿನ ಸೆವಿಸ್ ಶುಲ್ಕ ಎಫ್-2ಕ್ಕೆ ಇಲ್ಲ. ಶುಲ್ಕಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ಅಧಿಕೃತ ತಾಣದಲ್ಲಿ ನೋಡಿಕೊಂಡೇ ಕಟ್ರಿ. 2025ರ ಜೂನ್‌ನಿಂದ ಎಫ್ ಮತ್ತು ಜೆ ವೀಸಾ ಕೇಳುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು, ನೀವೂ ಅದರಲ್ಲಿ ಸೇರುತ್ತೀರಿ.

ಸಂದರ್ಶನಕ್ಕೆ ನಮ್ಮವರಿಗೆ ಹತ್ತಿರ ಹೈದರಾಬಾದ್. ವಾಡಿ, ತಾಂಡೂರು ದಾಟಿ ರೈಲಿನಲ್ಲಿ ಹೋಗಿಬರಬಹುದು. ಬೆರಳಚ್ಚಿನ ಕೇಂದ್ರ ಬೇರೆ, ನಾನಕ್‌ರಾಮಗೂಡದ ಕಾನ್ಸುಲೇಟ್ ಬೇರೆ, ಎರಡಕ್ಕೂ ಬೇರೆ ಬೇರೆ ಹೊತ್ತು, ಹಾಗಾಗಿ ಒಂದು ರಾತ್ರಿ ಉಳಿಯುವ ತಯಾರಿಯಲ್ಲೇ ಹೋಗ್ರಿ. ಮದುವೆ ಹೇಗಾಯಿತು, ಅವರೇನು ಓದುತ್ತಾರೆ, ಖರ್ಚು ಹೇಗೆ, ನೀವು ಏನು ಮಾಡುತ್ತೀರಿ ಅಂತ ಕೇಳಬಹುದು. ‘ಅಲ್ಲಿ ಕೆಲಸ ಹುಡುಕ್ತೀನಿ’ ಅನ್ನುವುದು ಸುಳ್ಳೂ ಹೌದು, ಅಪಾಯವೂ ಹೌದು. ಹಿಂದೆ ವೀಸಾ ತಿರಸ್ಕಾರವಾಗಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಅಲ್ಲಿ ಇಳಿದ ವಾರದಲ್ಲೇ ಐ-94 ಎಂಬ ಪ್ರವೇಶ ದಾಖಲೆಯನ್ನು ಇಂಟರ್‌ನೆಟ್‌ನಿಂದ ತೆಗೆದು ಹೆಸರು, ವೀಸಾ ವರ್ಗ ಸರಿ ಇದೆಯೇ ನೋಡಿ. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಲು ಹೇಳ್ರಿ. ಇದು ಸಣ್ಣ ಮಾತಲ್ಲ. ಗ್ರಂಥಾಲಯದ ಕಾರ್ಡು, ಡ್ರೈವಿಂಗ್ ಲೈಸೆನ್ಸು ಎಲ್ಲಕ್ಕೂ ವಿಳಾಸದ ಪುರಾವೆ ಕೇಳುತ್ತಾರೆ, ಕರಾರೂ ಕರೆಂಟ್ ಬಿಲ್ಲೂ ಎರಡೂ ಗಂಡನ ಹೆಸರಿನಲ್ಲೇ ಇದ್ದರೆ ಆ ಊರಿನ ಮಟ್ಟಿಗೆ ನೀವು ಇಲ್ಲ. ಬ್ಯಾಂಕ್ ಖಾತೆ ಜಂಟಿಯಾಗಿರಲಿ, ನಿಮ್ಮದೊಂದು ಡೆಬಿಟ್ ಕಾರ್ಡ್ ಬೇರೆ ಇರಲಿ. ಲೈಸೆನ್ಸಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳಿದರೆ, ಸೋಷಿಯಲ್ ಸೆಕ್ಯುರಿಟಿ ಕಚೇರಿಗೇ ಹೋಗಿ ‘ಇವರಿಗೆ ಅರ್ಹತೆ ಇಲ್ಲ’ ಎಂಬ ಪತ್ರ ತಂದು ತೋರಿಸಬೇಕಾಗಬಹುದು. ಪ್ರತಿ ವರ್ಷ 8843 ಎಂಬ ತೆರಿಗೆ ಫಾರಂ ಎಫ್-2ರವರೂ ಕಳಿಸಬೇಕು, ಒಂದು ಡಾಲರ್ ಆದಾಯ ಇಲ್ಲದಿದ್ದರೂ. ಆದಾಯ ಇಲ್ಲದವರಿಗೆ ಗಡುವು ಜೂನ್ 15. ಅವರ ಫಾರಂ ಜೊತೆ ನಿಮ್ಮದನ್ನೂ ಮರೆಯದೆ ಮಾಡಿಸಿ, ಬಹಳ ಮಂದಿ ಮರೆಯುತ್ತಾರೆ.

ಇಲ್ಲಿನ ಸಿಮ್ ಬಿಡಬೇಡಿ. ಬ್ಯಾಂಕಿನ ಒಟಿಪಿ, ಆಧಾರ್ ಎಲ್ಲಾ ಆ ನಂಬರಿಗೇ ಕಟ್ಟಿವೆ. ರೋಮಿಂಗ್ ಚಾಲೂ ಮಾಡಿಸಿ, ಕನಿಷ್ಠ ರೀಚಾರ್ಜ್‌ನಲ್ಲಿ ಜೀವಂತ ಇಡ್ರಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಬೇಕಾಗುತ್ತದೆ, ಅದನ್ನು ಮುಚ್ಚಬೇಡಿ. ನೀವು ಈ ವರ್ಷ ಉಳಿಸಿದ ಸಂಬಳ ಅದರಲ್ಲೇ ನಿಮ್ಮ ಹೆಸರಿನಲ್ಲಿ ಇರಲಿ. ಟೋಫೆಲ್ ಶುಲ್ಕ, ಅರ್ಜಿ ಶುಲ್ಕ, ಅವ್ವನಿಗೆ ಹುಷಾರಿಲ್ಲ ಅಂದಾಗಿನ ಟಿಕೆಟ್ಟು, ಇವನ್ನೆಲ್ಲ ಕೇಳಿ ಪಡೆಯುವ ಸ್ಥಿತಿ ಬರಬಾರದು.

ಆರೋಗ್ಯ ವಿಮೆಯ ವಿಷಯದಲ್ಲಿ ಉಳಿತಾಯ ನೋಡಬೇಡಿ. ಪಿಎಚ್.ಡಿ.ಯವರಿಗೆ ವಿಶ್ವವಿದ್ಯಾಲಯವೇ ಕಡಿಮೆ ದರದಲ್ಲಿ ವಿಮೆ ಕೊಡುತ್ತದೆ, ಹೆಂಡತಿಯನ್ನು ಸೇರಿಸಿದರೆ ಮೊತ್ತ ಏಕದಂ ಏರುತ್ತದೆ. ಪ್ರವಾಸಿಗಳ ಅಗ್ಗದ ವಿಮೆ ಹಿಡಿದು ಹೋಗುವವರಿದ್ದಾರೆ. ಅದರಲ್ಲಿ ಹಳೆಯ ಕಾಯಿಲೆಯೂ ಬಸಿರು ಬಾಣಂತನವೂ ಸಾಮಾನ್ಯವಾಗಿ ಸೇರಿರುವುದಿಲ್ಲ. ಹಲ್ಲಿನ ಕೆಲಸ, ಕನ್ನಡಕ ಇಲ್ಲೇ ಮುಗಿಸಿಕೊಂಡು ಹೋಗ್ರಿ. ಇನ್ನೊಂದು ಮಾತು, ಊರಿಂದ ಫೋನಿನಲ್ಲಿ ಬಂದೇ ಬರುತ್ತದೆ: ‘ಹೆಂಗೂ ಖಾಲಿ ಕುಂತೀಯಲ್ಲ, ಈಗ ಒಂದು ಕೂಸು ಆಗಿಬಿಡಲಿ.’ ಕೆಲಸವಿಲ್ಲ ಎಂಬುದು ಮಗು ಮಾಡಿಕೊಳ್ಳಲು ಕಾರಣವಲ್ಲ. ನಿಮಗಿಬ್ಬರಿಗೂ ಬೇಕು ಅನ್ನಿಸಿದರೆ ಮೊದಲು ವಿಮೆಯ ಪುಟ ಓದಿ, ಆಮೇಲೆ ಮುಂದಿನದು.

ಒಬ್ಬಳೇ ದಿನ ಕಳೆಯುವುದು ಹೇಗೆ ಅಂತ ಕೇಳಿದ್ದೀರಿ. ಮೊದಲ ತಿಂಗಳು ಹೊಸತನದಲ್ಲಿ ಹೋಗುತ್ತದೆ. ನಾನು ಕಂಡಂತೆ ಕಷ್ಟ ಶುರುವಾಗುವುದು ಮೂರನೆಯ ತಿಂಗಳ ಹೊತ್ತಿಗೆ, ಮನೆ ಒಪ್ಪವಾದ ಮೇಲೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯ ನಿಮ್ಮ ಮೊದಲ ಆಸರೆಯಾಗಲಿ. ಕಾರ್ಡು ಪುಕ್ಕಟೆ, ಬೆಚ್ಚಗಿರುತ್ತದೆ, ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ, ಮತ್ತು ಬಹಳಷ್ಟು ಕಡೆ ವಾರಕ್ಕೊಮ್ಮೆ ಇಂಗ್ಲಿಷ್ ಮಾತಿನ ಕೂಟ ನಡೆಯುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಹೆಂಡಂದಿರಿಗೆ, ಗಂಡಂದಿರಿಗೆ ಅಂತಲೇ ಕೂಟಗಳಿವೆ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಇಮೇಲ್ ಬರೆದು ನೀವೇ ಕೇಳ್ರಿ. ಕಮ್ಯುನಿಟಿ ಕಾಲೇಜಿನಲ್ಲಿ ಒಂದು ವಿಷಯ ಅರೆಕಾಲಿಕವಾಗಿ ತೆಗೆದುಕೊಂಡರೆ ಅಲ್ಲಿನ ಅಂಕಪಟ್ಟಿ ನಿಮ್ಮ ಹೆಸರಿಗೆ ಬರುತ್ತದೆ, ಮುಂದಿನ ಪ್ರವೇಶಕ್ಕೂ ಅದು ತೂಕ. ಫೀಸು ಮಾತ್ರ ಕೈಯಿಂದ ಕಟ್ಟಬೇಕು.

ಗೆಳೆತನದ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ, ಬೆಂಗಳೂರಿನವರಿಗೂ ಇಲ್ಲದ್ದು. ಕಲಬುರಗಿಯಲ್ಲಿ ಬೆಳೆದವರಿಗೆ ದಖನಿ ಉರ್ದು ಕಿವಿಗೆ ರೂಢಿ, ಮರಾಠಿ ಅರ್ಧ ತಿಳಿಯುತ್ತದೆ, ಸೇಡಂ ಕಡೆಯವರಿಗೆ ತೆಲುಗೂ ಬರುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಊರುಗಳಲ್ಲಿ ಹೈದರಾಬಾದಿನವರು ಬೇಕಾದಷ್ಟು. ಕನ್ನಡದವರನ್ನೇ ಹುಡುಕುತ್ತ ಕೂರದೆ ಅವರ ಜೊತೆಗೂ ಸೇರ್ರಿ, ‘ಕೈಕೂ’, ‘ನಕ್ಕೋ’ ಅನ್ನುವಾಗ ಮನೆಯ ಓಣಿಯೇ ನೆನಪಾದೀತು. ಕನ್ನಡ ಕೂಟಗಳು ದೊಡ್ಡ ಊರುಗಳಲ್ಲಿ ಹೆಚ್ಚು, ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಊರಿಗೆ ಫೋನ್ ದಿನಕ್ಕೊಮ್ಮೆ ಸಾಕು. ಕನ್ಸಾಸಿನ ಹೆಚ್ಚಿನ ಭಾಗಕ್ಕಿಂತ ನಾವು ಬೇಸಿಗೆಯಲ್ಲಿ ಹತ್ತೂವರೆ ತಾಸು ಮುಂದೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅವ್ವನ ಹೊತ್ತಿಗೆ ಹೊಂದಿಸಿಕೊಂಡು ರಾತ್ರಿಯೆಲ್ಲಾ ಎಚ್ಚರ ಇದ್ದು ಹಗಲು ಮಲಗುವ ಅಭ್ಯಾಸ ಬಿದ್ದರೆ ನೀವು ಆ ಊರಿನಲ್ಲೂ ಇಲ್ಲ, ಈ ಊರಿನಲ್ಲೂ ಇಲ್ಲ.

ಅಡುಗೆಮನೆಯ ಚಿಂತೆ ಅಷ್ಟು ಬೇಡ. ಮಿಕ್ಸರ್ ಒಯ್ಯಬೇಡಿ, ಅಲ್ಲಿ ಕರೆಂಟು 120 ವೋಲ್ಟ್, ತಿರುಗುವುದಿಲ್ಲ. ಕುಕ್ಕರ್, ಹಂಚು ಒಯ್ರಿ. ಶೇಂಗಾ ಹಿಂಡಿ, ಖಾರದ ಪುಡಿ ತೆಗೆದುಕೊಂಡು ಹೋದರೆ ಕಸ್ಟಮ್ಸ್‌ನವರಿಗೆ ತಿಂಡಿ ಇದೆ ಅಂತ ಹೇಳಿಬಿಡ್ರಿ. ಹಸಿ ಹಣ್ಣು ತರಕಾರಿ, ಬೀಜ, ಮಾಂಸ ಬೇಡ. ಒಗ್ಗರಣೆ ಹಾಕುವ ಮುನ್ನ ಕಿಟಕಿ ತೆರೀರಿ, ಇಲ್ಲದಿದ್ದರೆ ಹೊಗೆ ಗಂಟೆ ಕಟ್ಟಡದವರನ್ನೆಲ್ಲಾ ಎಬ್ಬಿಸುತ್ತದೆ. ಜೋಳದ ಬಗ್ಗೆ ಒಂದು ಮಜಾ ಸಂಗತಿ: ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವುದು ಕನ್ಸಾಸೇ. ಆದರೆ ಹೆಚ್ಚಿನದು ದನಗಳ ಮೇವಿಗೂ ಎಥನಾಲ್‌ಗೂ ಹೋಗುತ್ತದೆ. ಕಿಟಕಿಯಾಚೆ ಜೋಳದ ಹೊಲ ಕಂಡರೂ ರೊಟ್ಟಿಯ ಹಿಟ್ಟಿಗೆ ನೀವು ಭಾರತೀಯ ಅಂಗಡಿಗೇ ಹೋಗಬೇಕು, ಅದೂ ಹಳೆಯ ಹಿಟ್ಟು, ತಟ್ಟಿದರೆ ಬಿರಿಯುತ್ತದೆ, ಬಿಸಿ ನೀರಿನ ಜಿಗುಟು ಚೆನ್ನಾಗಿ ಹಿಡಿಸಬೇಕು.

ಇನ್ನು ಇದೊಂದು ಭಾಗವನ್ನು ನಿಮ್ಮ ಯಜಮಾನರಿಗೆ ಓದಿ ಹೇಳ್ರಿ. ತಮ್ಮಾ, ನಿಮ್ಮ ಹೆಂಡತಿಯ ಪರವಾಗಿ ಎಲ್ಲಾ ಫೋನೂ ನೀವೇ ಮಾಡಿಬಿಟ್ಟರೆ ಅದು ಉಪಕಾರ ಅಲ್ಲ. ಡಾಕ್ಟರ ಅಪಾಯಿಂಟ್‌ಮೆಂಟು, ಬ್ಯಾಂಕು, ಮನೆಯ ನಲ್ಲಿ ದುರಸ್ತಿ ಇವುಗಳಲ್ಲಿ ಅರ್ಧವನ್ನು ಅವರೇ ಮಾತಾಡಲಿ, ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ವಾರಕ್ಕೆ ಒಂದು ಅರ್ಧ ದಿನ ಲ್ಯಾಬಿಗೆ ಹೋಗದೆ ಮನೆಗೆ ಅಂತ ಮೀಸಲಿಡಿ. ಪ್ರಯೋಗ ನಡೆಯುತ್ತಿದ್ದರೆ ಬದಲಿ ದಿನ ಮೊದಲೇ ಹೇಳಿ. ನಿಮ್ಮ ವೇತನ ಎಷ್ಟು, ಬಾಡಿಗೆ ಎಷ್ಟು, ಉಳಿದದ್ದೆಷ್ಟು ಅವರಿಗೆ ಗೊತ್ತಿರಲಿ. ನಿಮ್ಮ ಎಫ್-1ಕ್ಕೆ ತೊಂದರೆ ಬಂದರೆ ಅವರ ಎಫ್-2ಕ್ಕೂ ಅದೇ ದಿನ ತೊಂದರೆ, ಆದ್ದರಿಂದ ಓದಿನ ಏರುಪೇರನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ.

ತಂಗಿ, ಇನ್ನೊಂದು ಮಾತು. ನಿಮ್ಮ ಮನೆಗೆ ಇದು ಬೇಕಾಗದಿರಲಿ, ಆದರೆ ಇದನ್ನು ಓದುವ ಯಾರಿಗಾದರೂ ಬೇಕಾದೀತು. ಪಾಸ್‌ಪೋರ್ಟು, ಐ-20, ಮದುವೆ ಪ್ರಮಾಣಪತ್ರ ನಿಮ್ಮ ಕೈಯಲ್ಲೇ ಇರಲಿ. ಪ್ರತಿಗಳನ್ನು ನಿಮಗೆ ಮಾತ್ರ ಗೊತ್ತಿರುವ ಇಮೇಲ್‌ಗೆ ಕಳಿಸಿಡಿ. ಮನೆಯಲ್ಲಿ ಕೈ ಎತ್ತುವುದು, ಪಾಸ್‌ಪೋರ್ಟ್ ಅಡಗಿಸಿಡುವುದು, ‘ವೀಸಾ ರದ್ದು ಮಾಡಿಸ್ತೀನಿ’ ಅಂತ ಹೆದರಿಸುವುದು ನಡೆದರೆ ಅಪಾಯದ ಹೊತ್ತಿನಲ್ಲಿ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡ್ರಿ. ಮಾತಾಡಿ ದಾರಿ ಕೇಳಲು 1-800-799-7233, ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ, ಹಗಲುರಾತ್ರಿ ಇರುತ್ತದೆ, ದುಭಾಷಿಯನ್ನೂ ಕೇಳಬಹುದು. ವಿಚ್ಛೇದನವಾದರೆ ಎಫ್-2 ಉಳಿಯುವುದಿಲ್ಲ, ಹಾಗಾಗಿ ಅಂಥ ಹೆಜ್ಜೆಗೆ ಮುನ್ನ ವಲಸೆ ವಕೀಲರನ್ನು ಕಾಣಬೇಕು. ಬಹಳ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ಸಲಹೆಯ ಕಚೇರಿ ಇದೆ, ಆದರೆ ಅದು ಗಂಡನ ಕಡೆಯದಾಗಬಹುದು. ಹೊರಗಿನ ಉಚಿತ ಕಾನೂನು ನೆರವಿನವರನ್ನು ಹುಡುಕುವುದು ಉತ್ತಮ.

ಈ ತಿಂಗಳು ಮಾಡಬೇಕಾದದ್ದು ಇಷ್ಟು. ಮದುವೆ ನೋಂದಣಿ, ಅವರು ಇಲ್ಲಿ ಇರುವಾಗಲೇ. ಗುಲಬರ್ಗಾ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಎರಡಕ್ಕೂ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ, ಮುಚ್ಚಿದ ಲಕೋಟೆಯಲ್ಲಿ ಕೆಲವು ಹೆಚ್ಚು ಪ್ರತಿ. ಘಟಿಕೋತ್ಸವದ ಪ್ರಮಾಣಪತ್ರ ತೆಗೆದುಕೊಂಡಿಲ್ಲದಿದ್ದರೆ ಅದೂ. ಪಾಸ್‌ಪೋರ್ಟ್‌ನ ಹೆಸರು ನೋಡುವುದು. ಶಾಲೆಗೆ ಸದ್ಯಕ್ಕೆ ಏನೂ ಹೇಳಬೇಡಿ. ಟೋಫೆಲ್ ಅಂಕಕ್ಕೆ ಆಯುಷ್ಯ 2 ವರ್ಷ, ಅಕ್ಟೋಬರ್‌ನಲ್ಲಿ ಬರೆದರೆ ಈ ಸಲವೂ ಸಾಲುತ್ತದೆ, ಮುಂದಿನ ಸಲಕ್ಕೂ ಬರುತ್ತದೆ. ದಸರಾ ರಜೆಯನ್ನು ಅದಕ್ಕೇ ಇಟ್ಟುಕೊಳ್ಳಿ.